ಖಾಲಿ ಜಾಗದ ಕಡೆ ವಾಲಿದ ಪಟ್ಟಿ

ಆ ಯಂತ್ರಕ್ಕೆ ನಾನು ಕೊಟ್ಟಿದ್ದು ಎರಡು ಲಕ್ಷದ ಹತ್ತು ಸಾವಿರ. ಹೊಸದಕ್ಕೆ ಅದರ ಮೂರರಷ್ಟಾಗುತ್ತಿತ್ತು. ಅಷ್ಟು ಕಡಿಮೆಗೆ ಬಂದದ್ದು ನನ್ನ ಚೌಕಾಸಿಯಿಂದ ಎಂದು ತುಮಕೂರಿನ ನಾಲ್ಕಾರು ಅಂಗಡಿಗಳಲ್ಲಿ ಹೇಳಿಕೊಂಡು ಬಂದೆ. ಅಸಲು ಕಾರಣ ಅದಲ್ಲ. ಮಾರಿದ ಹೆಂಗಸಿನದು ಒಂದು ಷರತ್ತಿತ್ತು: ಯಂತ್ರದ ಜೊತೆ ತಾನೂ ಬರಬೇಕು, ಸಂಬಳಕ್ಕೆ ತಾನೇ ಅದನ್ನು ಓಡಿಸಬೇಕು, ಯಂತ್ರದ ಇನ್ನೊಂದು ತುದಿಯಲ್ಲಿ ಬೇರೆ ಯಾರನ್ನೂ ನಿಲ್ಲಿಸಬಾರದು. ಆ ತುದಿ ಅವರ ತಂಗಿಯ ಜಾಗ. ತಂಗಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ನನಗಿಂತ ಮೊದಲು ನೋಡಲು ಬಂದಿದ್ದವರು ಈ ಮಾತು ಕೇಳಿ ಮುಖ ಮುಖ ನೋಡಿಕೊಂಡು ಎದ್ದು ಹೋಗಿದ್ದರಂತೆ. ನಾನು ಏಳಲಿಲ್ಲ. ಯಂತ್ರ ಅಗ್ಗ, ಕೆಲಸ ಬಲ್ಲ ಕೈ ಜೊತೆಗೇ ಬರುತ್ತದೆ, ಇಬ್ಬರ ಕೆಲಸಕ್ಕೆ ಒಬ್ಬರ ಸಂಬಳ. ಖಾಲಿ ಜಾಗಕ್ಕೇನು ಖರ್ಚು ಎಂದುಕೊಂಡು ಹೂಂ ಅಂದುಬಿಟ್ಟೆ.

ಯಂತ್ರ ಏನು ಮಾಡುತ್ತದೆ ಎಂದು ಹೇಳಿಬಿಡುತ್ತೇನೆ. ಪಾಲಿಇಮೈಡ್ ಎಂಬ ಒಂದು ಫಿಲ್ಮು ಇದೆ. ನಮ್ಮ ಮಾರುಕಟ್ಟೆಯಲ್ಲಿ ಆ ಹೆಸರು ಯಾರ ನಾಲಗೆಗೂ ಹೊರಳುವುದಿಲ್ಲ, 'ಬಂಗಾರದ ಟೇಪು ಕೊಡಿ' ಎನ್ನುತ್ತಾರೆ. ಜೋನಿಬೆಲ್ಲವನ್ನು ಬೆಳಕಿಗೆ ಹಿಡಿದಂಥ ಬಣ್ಣ, ಈರುಳ್ಳಿ ಸಿಪ್ಪೆಯಷ್ಟು ತೆಳು. ಬೆಂಕಿಗೆ ಹೆದರುವುದಿಲ್ಲ. ಬೇರೆ ಪ್ಲಾಸ್ಟಿಕ್ಕುಗಳು ಸುರುಟಿಕೊಂಡು ತೊಟ್ಟಿಕ್ಕುವ ಜಾಗದಲ್ಲಿ ಇದು ಸುಮ್ಮನೆ ಕೂತಿರುತ್ತದೆ. ಹೊಸ ಗಿರಾಕಿಗಳ ಮುಂದೆ ನಾನು ಮಾಡುವ ಆಟ ಒಂದೇ: ಒಂದು ತುಂಡು ಹಿಡಿದು ಅದರ ಕೆಳಗೆ ಲೈಟರು ಹಚ್ಚುತ್ತೇನೆ. ಕಾರ್ಖಾನೆ ಮಾಲೀಕರು ಬೆರಳು ಸುಟ್ಟೀತು ಮೇಡಂ ಎಂದು ಕೂಗುತ್ತಾರೆ. ಬೆರಳು ಸುಡುತ್ತದೆ, ಫಿಲ್ಮು ಸುಡುವುದಿಲ್ಲ. ಆರ್ಡರು ಬರುತ್ತದೆ.

ಅಂಟು ಬಳಿದರೆ ಅದೇ ಟೇಪು. ಸರ್ಕ್ಯೂಟ್ ಬೋರ್ಡುಗಳನ್ನು ಕರಗಿದ ಸೀಸದ ಮೇಲೆ ಹಾಯಿಸುವಾಗ ಸೀಸ ಹತ್ತಬಾರದ ಕಡೆ ಇದನ್ನು ಅಂಟಿಸುತ್ತಾರೆ. ಪೌಡರ್ ಕೋಟಿಂಗ್‌ನವರು ಬಣ್ಣ ಬೀಳಬಾರದ ಜಾಗ ಮುಚ್ಚಿ ಒಲೆಗೆ ತಳ್ಳುತ್ತಾರೆ, ಬೆಂದು ಹೊರಬಂದ ಮೇಲೆ ಕಿತ್ತರೆ ಕೆಳಗಿನ ಲೋಹ ಮುಟ್ಟದ ಹಾಗಿರುತ್ತದೆ. ಎಲೆಕ್ಟ್ರಿಕ್ ಆಟೋಗಳ ಬ್ಯಾಟರಿ ಕಟ್ಟುವವರಿಗೆ ಬೇಕು. ಗುಬ್ಬಿ ಸೀಮೆಯಲ್ಲಿ ಅಡಿಕೆ ಹಾಳೆ ತಟ್ಟೆ ಒತ್ತುವವರು ಅಚ್ಚಿನ ಬಿಸಿ ಅಳೆಯುವ ತಂತಿಯನ್ನು ಇದರಿಂದಲೇ ಹಿಡಿಸುತ್ತಾರೆ. ಅಂಟಿಲ್ಲದ ಬರಿ ಫಿಲ್ಮು ಹೆಚ್ಚಾಗಿ ಹೋಗುವುದು ದೊಡ್ಡ ಮೋಟರುಗಳ ತಾಮ್ರದ ಸುರುಳಿಗೆ, ಮಗುವಿಗೆ ಬಟ್ಟೆ ಸುತ್ತಿದಂತೆ ಪದರ ಪದರವಾಗಿ ಸುತ್ತಲು. ಫಿಲ್ಮು ಬರುವುದು ಒಂದು ಮೊಳಕ್ಕಿಂತ ಹೆಚ್ಚು ಅಗಲದ ಉರುಳೆಯಾಗಿ. ನಾನು ಕೊಂಡ ಯಂತ್ರ ಅದನ್ನು ಒಂದು ತುದಿಯಲ್ಲಿ ಬಿಚ್ಚಿಕೊಂಡು, ನಡುವೆ ಬ್ಲೇಡುಗಳಿಂದ ಸೀಳಿ, ಇನ್ನೊಂದು ತುದಿಯಲ್ಲಿ ಕಿರು ಸುರುಳಿಗಳಾಗಿ ಸುತ್ತುತ್ತದೆ. ಅಂಚಿನ ಬೇಡದ ಪಟ್ಟಿ ಬ್ಲೇಡಿನ ಹತ್ತಿರ ಸಡಿಲವಾಗಿ ಜೋತು ಕೆಳಗಿನ ಬುಟ್ಟಿಗೆ ಬೀಳುತ್ತದೆ. ಬಿಚ್ಚುವ ತುದಿಯಲ್ಲಿ ಒಬ್ಬರು, ಸುತ್ತುವ ತುದಿಯಲ್ಲಿ ಒಬ್ಬರು ನಿಲ್ಲುವುದು ವಾಡಿಕೆ.

ಕುಣಿಗಲ್‌ನಲ್ಲಿ ಈ ಅಕ್ಕ ತಂಗಿ ಹಾಗೆ ನಿಂತೇ ಬದುಕು ಕಟ್ಟಿಕೊಂಡವರು. ಇಬ್ಬರೂ ಮದುವೆಯಾದವರಲ್ಲ. ತಂಗಿ ಬಿಚ್ಚುವ ಕಡೆ, ಅಕ್ಕ ಸುತ್ತುವ ಕಡೆ. ನಾನು ನೋಡಲು ಹೋದ ದಿನ ಆ ಶೀಟಿನ ಶೆಡ್ಡಿನ ನೆಲವೆಲ್ಲ ಒದ್ದೆ. ಬೆಳಿಗ್ಗೆ ತೊಳೆದು ರಂಗೋಲಿ ಬಿಟ್ಟಿದ್ದರು. ಯಂತ್ರದ ಹಿಂದೆ, ಬಾಗಿಲಿಗೆ, ಕಿಟಕಿಗೆ, ಎಲ್ಲೆಲ್ಲೂ ನೆನೆಸಿದ ಗೋಣಿತಟ್ಟು ಇಳಿಬಿಟ್ಟಿದ್ದರು. ಕಾಲಡಿಗೂ ಒಂದು ಒದ್ದೆ ಗೋಣಿ. ಹಣೆಗೆ ವಿಭೂತಿ ಇಟ್ಟುಕೊಂಡು ಬರಿಗಾಲಲ್ಲಿ ನಿಂತಿದ್ದ ಅಕ್ಕ ಯಂತ್ರ ಓಡಿಸಿ ತೋರಿಸಿದರು. ಫಿಲ್ಮು ಕೆರೆ ನೀರಿನ ಹಾಗೆ ಅಲುಗದೆ ಹರಿಯಿತು.

"ಇದೇನಕ್ಕಾ ಗೋಣಿ ಅವತಾರ? ಕಬ್ಬಿಣ ತುಕ್ಕು ಹಿಡಿಯಲ್ವಾ?" ಎಂದೆ. ಬೆಲೆ ಇಳಿಸಲು ಒಂದು ಕೊಂಕು ಬೇಕಲ್ಲ.

"ನಮ್ಮವ್ವ ಬೀಡಿ ಕಟ್ತಿದ್ಲು ಕಣವ್ವ. ಸೆಕೆಗೆ ಇಂಗೇ ಗೋಣಿ ಕಟ್ತಿದ್ಲು. ಅದೇ ಅಭ್ಯಾಸ ನಮ್ಗೆ."

"ತುಕ್ಕಿಗೆ ಒಂದು ಹತ್ತು ಸಾವಿರ ಬಿಡಿ."

"ತುಕ್ಕಿದ್ರೆ ತೋರ್ಸು, ಇಪ್ಪತ್ತು ಬುಡ್ತೀನಿ."

ಬಗ್ಗಿ, ಮೊಣಕಾಲೂರಿ, ಬ್ಯಾಟರಿ ಬಿಟ್ಟು ಹುಡುಕಿದೆ. ಸಿಗಲಿಲ್ಲ. ಅಲ್ಲಿಗೆ ನನ್ನ ಚೌಕಾಸಿ ಮುಗಿಯಿತು.

ಯಂತ್ರವನ್ನು ಗುಬ್ಬಿಗೆ ತಂದೆ. ಬಾಡಿಗೆಗೆ ಹಿಡಿದದ್ದು ಊರ ಒಳಗಿನ ಹಳೆಯ ಕೊಬ್ಬರಿ ಗೋದಾಮು. ಅದನ್ನು ನಾನೇ ಹುಡುಕಿ ಆರಿಸಿದ್ದು, ಯಾಕೆಂದರೆ ನಾನು ಕೊಬ್ಬರಿ ಮಂಡಿಯಲ್ಲಿ ಬೆಳೆದವಳು. ಅಪ್ಪ ಅಲ್ಲಿ ಕೊಬ್ಬರಿ ತೂಗುತ್ತಿದ್ದರು. ರಾಶಿಯೊಳಕ್ಕೆ ಮೊಣಕೈವರೆಗೆ ಕೈ ಹಾಕಿ, ತೇವ ಇದೆಯೋ ಇಲ್ಲವೋ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದರು. ತೇವ ಅಂದರೆ ಬೂಷ್ಟು, ಬೂಷ್ಟು ಅಂದರೆ ಬೆಲೆ ಹೋಯಿತು. ನಮ್ಮ ಸೀಮೆಯಲ್ಲಿ ಯಾವ ಮಾಲನ್ನು ತಂದಿಟ್ಟರೂ ಮೊದಲು ನೋಡುವುದು ಜಾಗ ಒಣಗಿದೆಯಾ ಎಂದು. ಟೇಪಿನ ವ್ಯಾಪಾರಕ್ಕೆ ಬಂದು, ಮೊಪೆಡ್ಡಿನಲ್ಲಿ ಸ್ಯಾಂಪಲ್ ಇಟ್ಟುಕೊಂಡು ಮೋಟರ್ ರಿವೈಂಡಿಂಗ್ ಅಂಗಡಿಗಳನ್ನು ಸುತ್ತಿ, ಸ್ವಂತದ್ದೊಂದು ಮಾಡಿಕೊಂಡ ಮೇಲೂ ತಲೆಯೊಳಗಿದ್ದದ್ದು ಅದೇ ಮಂಡಿ ಬುದ್ಧಿ. ಮರದ ಅಟ್ಟ, ದಪ್ಪ ಗೋಡೆ, ಹಂಚಿನ ಸಂದಿಯಲ್ಲಿ ಬೆಚ್ಚನೆ ಗಾಳಿ. ಮಳೆಗಾಲದಲ್ಲೂ ಒಂದು ಹನಿ ತೇವ ನಿಲ್ಲದ ಜಾಗ. ನೆಲಕ್ಕೆ ಪ್ಲಾಸ್ಟಿಕ್ ಹಾಸು ಹಾಸಿದೆ, ಅಕ್ಕನಿಗೆ ರಬ್ಬರ್ ಚಪ್ಪಲಿ ಕೊಡಿಸಿದೆ, ಗೋಣಿಗಳನ್ನೆಲ್ಲ ಹೊರಗೆ ಹಾಕಿಸಿದೆ. ತೊಳೆಯುವುದು ಬೇಡ, ಗುಡಿಸಿದರೆ ಸಾಕು ಎಂದೆ. ಅಕ್ಕ ಪೊರಕೆ ಎತ್ತಿಕೊಂಡರು. ಹೆಬ್ಬೂರಿನಲ್ಲಿ ನೆಂಟರ ಮನೆ ಸೇರಿ, ಅಲ್ಲಿಂದ ದಿನಾ ಬಸ್ಸು ಬದಲಿಸಿಕೊಂಡು ಬರುತ್ತಿದ್ದ ಅವರಿಗೆ ಮಾತಿನ ಮೇಲೆ ಆಸೆಯೇ ಇದ್ದಂತಿರಲಿಲ್ಲ. ತಂದ ಬುತ್ತಿ ಹಾಗೇ ವಾಪಸ್ ಹೋಗುತ್ತಿತ್ತು.

ಒಂದು ಮಧ್ಯಾಹ್ನ ಮಾತ್ರ, ತಾವಾಗಿ, ತಂಗಿಯ ವಿಷಯ ಎತ್ತಿದರು. ಜ್ವರ ಬಂದು ಆಸ್ಪತ್ರೆ ಸೇರಿ, ಬದುಕಿದಳು ಎಂದುಕೊಂಡು ಮನೆಗೆ ಕರೆತಂದ ಮೇಲೆ ಹೋದಳಂತೆ. ಮಣಿಕಟ್ಟಿನಲ್ಲಿ ಸೂಜಿ ಚುಚ್ಚಿದ್ದ ಜಾಗದ ಹತ್ತಿ ಜಾರುತ್ತಿತ್ತೆಂದು, ಚೀಲದಲ್ಲಿದ್ದ ತಮ್ಮದೇ ಟೇಪನ್ನು ಅಕ್ಕ ಸುತ್ತಿದ್ದರಂತೆ.

"ನಮ್ಮಲ್ಲಿ ಸುಡಲ್ಲ, ಮಣ್ಣು ಮಾಡ್ತೀವಿ. ಟೇಪು ಬಿಚ್ಚೋದ್ ಮರ್ತೋಯ್ತು," ಎಂದರು. ಆಮೇಲೆ, "ಅದು ಕೊಳೆಯಲ್ಲ ಅಲ್ವಾ?" ಎಂದು ಕೇಳಿದರು.

ಕೊಳೆಯುವುದಿಲ್ಲ. ನಾನು ಅದನ್ನೇ ಹೇಳಿಕೊಂಡು ಮಾರುವವಳು. ಗೊತ್ತಿಲ್ಲ ಅಕ್ಕ ಎಂದೆ.

"ಮೂಳೆ ಪುಡಿಯಾದ್ಮೇಲೂ ಆ ಟೇಪು ಬಳೆಯಂಗೆ ಅಲ್ಲೇ ಇರುತ್ತೆ," ಎಂದು ಅವರೇ ಉತ್ತರ ಹೇಳಿಕೊಂಡು, ಎದ್ದು ಹೋಗಿ ಯಂತ್ರ ಶುರು ಮಾಡಿದರು.

ಚಳಿ ಕಳೆದು ಒಣ ಬಿಸಿಲು ಬಿದ್ದ ಮೇಲೆ ಅದು ಆರಂಭವಾಯಿತು. ನಾನು ಮೊದಲು ಕೇಳಿಸಿಕೊಂಡದ್ದು ಸದ್ದು. ಉರುಳೆ ಬಿಚ್ಚಿಕೊಳ್ಳುವ ಕಡೆ ಯಾರೋ ಮೆಲ್ಲಗೆ ನೆಟಿಗೆ ಮುರಿದಂತೆ ಚಟಚಟ. ತಿರುಗಿ ನೋಡಿದರೆ ಯಾರೂ ಇಲ್ಲ. ಹತ್ತಿರ ಹೋದಾಗ ಕೈಮೇಲಿನ ಕೂದಲೆಲ್ಲ ಎದ್ದು ನಿಂತವು, ಕೆನ್ನೆಯ ಮೇಲೆ ಜೇಡರ ಬಲೆ ಹಾದ ಹಾಗಾಯಿತು. ಆಮೇಲೆ ಪಟ್ಟಿ ಕಂಡಿತು. ಬ್ಲೇಡಿನ ಕೆಳಗೆ ಜೋತು ಬುಟ್ಟಿಗೆ ಬೀಳಬೇಕಾದ ಅಂಚಿನ ಪಟ್ಟಿ ಬೀಳುತ್ತಿರಲಿಲ್ಲ. ಗಾಳಿಯಲ್ಲಿ ಮೇಲೆದ್ದು, ತುದಿ ಸ್ವಲ್ಪ ಬಾಗಿಸಿಕೊಂಡು, ಬಿಚ್ಚುವ ತುದಿಯ ಖಾಲಿ ಜಾಗದ ಕಡೆ ಚಾಚಿಕೊಂಡಿತ್ತು. ಯಂತ್ರ ನಿಲ್ಲಿಸಿದರೂ ಹಾಗೇ ಇತ್ತು. ಫ್ಯಾನು ಇರಲಿಲ್ಲ, ಬಾಗಿಲು ಮುಚ್ಚಿತ್ತು.

ಅಕ್ಕ ಸುತ್ತುವ ತುದಿಯಿಂದ ಅದನ್ನು ನೋಡುತ್ತಾ ನಿಂತಿದ್ದರು. ಅಷ್ಟು ದಿನದಲ್ಲಿ ಅವರು ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಬಂದವ್ಳೆ ನೋಡು," ಎಂದರು.

"ಯಾರಕ್ಕಾ?"

"ಇನ್ಯಾರು? ಕುಣಿಗಲ್ಲಲ್ಲಿ ಬರ್ಲೇ ಇಲ್ಲ ಕಣವ್ವ. ಒಬ್ಳೇ ನಿಂತು ನಿಂತು ಸಾಕಾಗಿ ಮಾರ್ದೆ. ಇಲ್ಲಿಗೆ ದಾರಿ ಹುಡ್ಕೊಂಡ್ ಬಂದವ್ಳೆ."

ನನಗೆ ದೇವರಲ್ಲಿ ನಂಬಿಕೆಯುಂಟು, ದೆವ್ವದಲ್ಲಿಲ್ಲ. ಆದರೂ ಅವತ್ತು ಲೆಕ್ಕ ನೋಡುವ ನೆಪ ಹೇಳಿ ಬಿಸಿಲಿಗೆ ಬಂದು ಕೂತೆ. ಒಳಗಿನಿಂದ ಅಕ್ಕನ ದನಿ ಕೇಳುತ್ತಿತ್ತು. "ನಿಧಾನ ಕಣೇ... ಬ್ರೇಕ್ ನೋಡು... ಅಯ್ ಲೌಡಿ, ಎಲ್ಲಿ ನೋಡ್ತಾ ಇದ್ದೀಯೆ?" ಅವತ್ತಿನಿಂದ ಅಕ್ಕನ ಬುತ್ತಿ ಖಾಲಿಯಾಗತೊಡಗಿತು. ಮೈ ತುಂಬಿತು. ಬಸ್ಸು ಇಳಿದವರು ಓಡುನಡಿಗೆಯಲ್ಲಿ ಬರುತ್ತಿದ್ದರು.

ಆಗಲೇ ತುಮಕೂರಿನಿಂದ ಫೋನು ಬಂತು. ಕೈಗಾರಿಕಾ ಪ್ರದೇಶದಲ್ಲಿ ಮೋಟರ್ ಸುರುಳಿ ಸುತ್ತುವ ಕಾರ್ಖಾನೆ ನನ್ನ ಮುಖ್ಯ ಗಿರಾಕಿ. ಹೋದೆ. ತಪಾಸಣೆ ಮಾಡುವ ಮೇಡಂ ಒಂದು ಸುರುಳಿಯನ್ನು ಮೇಜಿನ ಮೇಲಿಟ್ಟು, ಬಂಗಾರದ ಪದರವನ್ನು ಚಿಮುಟದಿಂದ ಬಿಡಿಸಿದರು. ಕೆಳಗೆ ಕೂದಲೆಳೆಯಂಥದ್ದು.

"ಏನ್ರೀ ಇದು?"

ನೋಡಿದ ತಕ್ಷಣ ಗೊತ್ತಾಯಿತು. ತೆಂಗಿನ ನಾರು. ಗೋದಾಮಿನ ಅಟ್ಟದಿಂದ ವರ್ಷಾನುಗಟ್ಟಲೆ ಉದುರುತ್ತಿರುವ ಧೂಳು. ಎಲ್ಲ ಸುರುಳಿಯಲ್ಲೂ ಅದೇ.

"ಪದರದ ಮಧ್ಯೆ ಇದು ಸೇರಿದ್ರೆ ಗಾಳಿ ಉಳಿಯುತ್ತೆ. ನಾವು ಟೆಸ್ಟಿಗೆ ಜೋರು ಕರೆಂಟು ಕೊಟ್ಟಾಗ ಅಲ್ಲೇ ತೂತಾಗುತ್ತೆ. ಫಿಲ್ಮು ಎಷ್ಟು ಒಳ್ಳೇದಾದ್ರೇನು? ಮುಂದಿನ ಲಾಟೂ ಹೀಗೇ ಬಂದ್ರೆ ನಿಮ್ಮ ಹೆಸರು ತೆಗೀತೀವಿ. ಬೇಜಾರಾಗ್ಬೇಡಿ."

ಬೇಜಾರಾಗದೆ ಇರುತ್ತದೆಯೇ? ಈ ಗಿರಾಕಿ ಹೋದರೆ ಗೋದಾಮು ಮುಚ್ಚಬೇಕು, ಅಕ್ಕನನ್ನು ಮನೆಗೆ ಕಳಿಸಬೇಕು. ಬಸ್ಸಿನಲ್ಲಿ ಕೂತೇ ಫಿಲ್ಮು ಕಳಿಸುವ ಬೆಂಗಳೂರಿನ ವ್ಯಾಪಾರಿಗೆ ಫೋನು ಮಾಡಿದೆ.

"ಸ್ಟ್ಯಾಟಿಕ್ ಅಮ್ಮಾ ಅದು," ಎಂದ. "ಫಿಲ್ಮು ಬಿಚ್ಚಿಕೊಳ್ಳೋವಾಗ ಮೈಗೆ ಕರೆಂಟು ಹತ್ತುತ್ತೆ. ಆಮೇಲೆ ಧೂಳೆಲ್ಲ ಎಳ್ಕೊಳ್ಳುತ್ತೆ, ಮನುಷ್ಯರನ್ನೂ ಎಳ್ಕೊಳ್ಳೋಕೆ ನೋಡುತ್ತೆ. ಜಾಗ ಎಂಥದು? ಗಾಳಿ ಒಣಗಿದೆಯಾ?"

"ಕೊಬ್ಬರಿ ಗೋದಾಮು. ಒಂದು ಚೂರು ತೇವ ಇಲ್ಲ!" ಹೆಮ್ಮೆಯಿಂದಲೇ ಹೇಳಿದೆ.

ಆತ ಎಷ್ಟು ನಕ್ಕನೆಂದರೆ ಪಕ್ಕದ ಸೀಟಿನವರು ನನ್ನ ಕಡೆ ನೋಡಿದರು. ತೇವ ಬೇಕಂತೆ. ಒದ್ದೆ ಗಾಳಿಯಲ್ಲಿ ಈ ಕರೆಂಟು ತಾನಾಗಿ ಇಳಿದು ಹೋಗುತ್ತದಂತೆ. ಕೊಬ್ಬರಿಗೆ ಯಾವುದು ವಿಷವೋ ಈ ಫಿಲ್ಮಿಗೆ ಅದೇ ಔಷಧಿ. ಕುಣಿಗಲ್‌ನ ಆ ತೊಳೆದ ನೆಲ, ನೆನೆದ ಗೋಣಿ, ಬರಿಗಾಲು, ಎಲ್ಲವೂ ಕಣ್ಣ ಮುಂದೆ ಬಂದವು. ಅಕ್ಕ ತಂಗಿಯರಿಗೂ ಗೊತ್ತಿರಲಿಲ್ಲ, ಸೆಕೆಗೆಂದು ಮಾಡಿದ್ದು. ಯಂತ್ರವನ್ನು ಅಗ್ಗಕ್ಕೆ ತಂದವಳು ಅದರ ಸುತ್ತಲಿನ ಒದ್ದೆಯನ್ನು ಬಿಟ್ಟು ಬಂದಿದ್ದೆ.

ಅಕ್ಕನಿಗೆ ಹೇಳಿದೆ. ಅವರು ಕೇಳಿಸಿಕೊಂಡು, "ಕರೆಂಟಾದ್ರೆ ನಿನ್ ಕಡೇಗೂ ವಾಲ್ಬೇಕಲ್ಲ?" ಎಂದರು.

ಪಟ್ಟಿಯ ಹತ್ತಿರ ಹೋಗಿ ನಿಂತೆ. ವಾಲಿತು. ನನ್ನ ಭುಜದ ಮೇಲೆ ಮೆಲ್ಲಗೆ ತುದಿ ಇಟ್ಟಿತು. "ನೋಡಿದ್ರಾ?" ಎಂದೆ.

"ಈಗ ದೂರ ಬಾ."

ಇಬ್ಬರೂ ಹಿಂದೆ ಸರಿದು ಬಾಗಿಲ ಹತ್ತಿರ ನಿಂತೆವು. ಪಟ್ಟಿ ಒಂದು ಗಳಿಗೆ ತೂಗಾಡಿತು, ಹುಡುಕುವ ಹಾಗೆ. ಆಮೇಲೆ ತಿರುಗಿ, ಯಾರೂ ಇಲ್ಲದ ತುದಿಯ ಕಡೆ ಚಾಚಿ ನಿಂತಿತು. ಅಲ್ಲಿ ಕಂಬವಿಲ್ಲ, ಕಬ್ಬಿಣವಿಲ್ಲ. ಆಚೆಗೆ ಮಣ್ಣಿನ ಗೋಡೆ.

ಆದರೆ ಲಾಟು ಕಳಿಸಬೇಕಿತ್ತು. ತುಮಕೂರಿನಿಂದ ನನ್ನ ಗುರುತಿನ ಎಲೆಕ್ಟ್ರಿಷಿಯನ್ನನ್ನು ಕರೆಸಿದೆ. ಜರಿಯಂಥ ತಾಮ್ರದ ದಾರವನ್ನು ಫಿಲ್ಮಿಗೆ ಅಡ್ಡವಾಗಿ, ಸೋಕುವಷ್ಟು ಹತ್ತಿರ ಕಟ್ಟಿ, ಅದಕ್ಕೊಂದು ತಂತಿ ಕೊಟ್ಟು ಭೂಮಿಗೆ ಇಳಿಸಬೇಕು. ಗೋದಾಮಿನಲ್ಲಿ ಸರಿಯಾದ ಅರ್ಥಿಂಗ್ ಇರಲಿಲ್ಲ, ಹಿತ್ತಲಲ್ಲಿ ಗುಂಡಿ ತೋಡಬೇಕಾಯಿತು.

"ಏನಕ್ಕಾ, ದೆವ್ವಕ್ಕೆ ಅರ್ಥಿಂಗ್ ಕೊಡಿಸ್ತಿದ್ದೀರಂತೆ?" ಎನ್ನುತ್ತಲೇ ಬಂದ.

"ಯಾವನ್ಲಾ ಹೇಳಿದ್ದು?"

"ಟೀ ಅಂಗ್ಡೀಲಿ ಎಲ್ರಿಗೂ ಗೊತ್ತು. ಡಬಲ್ ಕೂಲಿ ಆಗುತ್ತಕ್ಕ. ದೆವ್ವ ನನ್ ಲೈಸೆನ್ಸಲ್ಲಿ ಬರಲ್ಲ."

"ನಾನ್ ಸಿಂಗಲ್ ಕೊಡ್ತೀನಿ. ಉಳಿದಿದ್ದು ದೆವ್ವದ ಹತ್ರ ಇಸ್ಕೊ."

ಅವನು ನಗುತ್ತಾ ಗುಂಡಿ ತೋಡಿದ. ಒಂದು ಮೂಟೆ ಇದ್ದಿಲು, ಒಂದು ಮೂಟೆ ಉಪ್ಪು, ಮಧ್ಯೆ ನಿಲ್ಲಿಸಲು ತಾಮ್ರದ ತಗಡು. ಅರ್ಥಿಂಗ್ ಗುಂಡಿಗೆ ಎಲ್ಲರೂ ಹಾಕುವುದು ಅದನ್ನೇ. ನನಗೆ ಹೊಳೆಯದೇ ಹೋದದ್ದು, ಅದನ್ನು ಇನ್ನೊಬ್ಬರು ನೋಡಿದರೆ ಹೇಗೆ ಕಾಣುತ್ತದೆ ಎಂಬುದು. ಅಷ್ಟರಲ್ಲಿ ಅಕ್ಕ ಬಸ್ಸಿಳಿದು ಬಂದರು. ಹಿತ್ತಲ ಬಾಗಿಲಲ್ಲಿ ನಿಂತರು. ಆಳದ ಗುಂಡಿ, ಉಪ್ಪು, ಇದ್ದಿಲು, ತಾಮ್ರದ ತಗಡು. ನಮ್ಮ ಕಡೆ ಮಾಟ ಮಂತ್ರ ಮಾಡುವವರು ಆತ್ಮಕ್ಕೆ ಕಟ್ಟು ಹಾಕಿಸುವಾಗ ಹೂಳುವುದೂ ಇವನ್ನೇ.

ಕೈಯಲ್ಲಿದ್ದ ಬುತ್ತಿ ಚೀಲ ಕೆಳಗಿಟ್ಟರು. "ಯಾರನ್ನ ಊಣ್ತಾ ಇದ್ದೀಯವ್ವಾ ಇಲ್ಲಿ?"

"ಅಕ್ಕಾ, ಅರ್ಥಿಂಗು. ನಿನ್ನೆ ಹೇಳಿದ್ನಲ್ಲ..."

"ನೀನ್ ಕರೆಂಟು ಅಂದೆ. ಇದು ಕಟ್ಟು. ನಂಗೊತ್ತು." ದನಿ ಏರಲಿಲ್ಲ, ಅದೇ ಹೆದರಿಕೆ ಹುಟ್ಟಿಸಿದ್ದು. "ನಾನ್ ಯಂತ್ರ ಮಾರ್ದೆ ಕಣವ್ವ. ಅವ್ಳನ್ನ ಮಾರ್ಲಿಲ್ಲ."

ಎಲೆಕ್ಟ್ರಿಷಿಯನ್ ಹಾರೆ ಹಿಡಿದುಕೊಂಡು ಗುಂಡಿಯಿಂದ ಎರಡು ಹೆಜ್ಜೆ ದೂರ ಸರಿದು ನಿಂತ. ಅವನ ತಮಾಷೆಯೆಲ್ಲ ಇಳಿದು ಹೋಗಿತ್ತು.

ಬದುಕಿನಲ್ಲಿ ನಾನು ಮಾಡಿದ ಚೌಕಾಸಿಗಳಲ್ಲಿ ಅದು ಬೇರೆ ಥರದ್ದು. ಎದುರಿನವರ ಮೊದಲ ಮಾತು ಎಷ್ಟು, ಕೊನೆಯ ಮಾತು ಎಷ್ಟು ಎಂದು ನನಗೆ ಮುಖ ನೋಡಿದರೆ ಗೊತ್ತಾಗುತ್ತದೆ. ಅಕ್ಕನ ಮುಖದಲ್ಲಿ ಒಂದೇ ಮಾತಿತ್ತು. ಕಾರ್ಖಾನೆಯವರು ಹೇಳಿದ್ದನ್ನು ಇದ್ದ ಹಾಗೆ ಹೇಳಿದೆ. ಅಂಚಿನ ಪಟ್ಟಿ ಕಸಕ್ಕೆ ಹೋಗುವಂಥದ್ದು, ಅದು ವಾಲಿದರೆ ನನಗೇನೂ ನಷ್ಟವಿಲ್ಲ, ಆದರೆ ಮಾಲಿನ ಫಿಲ್ಮಿಗೆ ನಾರು ಹತ್ತಿದರೆ ನಾವಿಬ್ಬರೂ ಬೀದಿಗೆ ಬೀಳುತ್ತೇವೆ, ಆಗ ಯಂತ್ರವನ್ನು ಮತ್ತೊಬ್ಬರಿಗೆ ಮಾರಬೇಕಾಗುತ್ತದೆ, ಅವರು ಈ ಷರತ್ತಿಗೆ ಒಪ್ಪುವುದಿಲ್ಲ ಎಂದೆ.

ಅಕ್ಕ ಗುಂಡಿಯ ಅಂಚಿಗೆ ಬಂದು ಬಗ್ಗಿ ನೋಡಿದರು. "ಆ ತಂತೀನ ಬಿಚ್ಬೋದಾ?"

"ಕ್ಲಿಪ್ಪು ಹಾಕ್ಸ್ತೀನಿ. ಬೇಕಾದಾಗ ತೆಗೀಬೋದು."

"ಮಾಲು ಸೀಳೋವಾಗ ಹಾಕ್ತೀನಿ. ಸಾಯಂಕಾಲ ಕೆಲ್ಸ ಮುಗುದ್ಮೇಲೆ, ತುಂಡು ಉಳಿದಿರುತ್ತಲ್ಲ ಉರುಳೇಲಿ, ಅದನ್ನ ತಂತಿ ಬಿಚ್ಚಿ ಓಡುಸ್ತೀನಿ. ಬಸ್ಸು ಬರೋಗಂಟ. ಅದ್ಕೆ ಸಂಬಳ ಬ್ಯಾಡ."

"ಕರೆಂಟ್ ಬಿಲ್ಲು?" ನನ್ನ ಬಾಯಿಂದ ತಾನಾಗಿ ಬಂತು. ಅಭ್ಯಾಸ ನೋಡಿ.

"ಸಂಬಳದಲ್ಲಿ ಮುರ್ಕೊ."

ಮುರಿದುಕೊಳ್ಳಲಿಲ್ಲ. ಅಷ್ಟು ಕೆಟ್ಟವಳಲ್ಲ.

ಗೋಣಿಗಳನ್ನು ಮತ್ತೆ ನೆನೆಸಿ ಕಟ್ಟಿದೆವು. ಪ್ಲಾಸ್ಟಿಕ್ ಹಾಸು ಕಿತ್ತೆ, ಚಪ್ಪಲಿ ಬಿಡಿಸಿದೆ, ಅಟ್ಟಕ್ಕೆ ಕೆಳಗಿನಿಂದ ಟಾರ್ಪಾಲು ಬಡಿಸಿದೆ. ಮುಂದಿನ ಲಾಟು ಟೆಸ್ಟಿನಲ್ಲಿ ಪಾಸಾಯಿತು. ಹಗಲೆಲ್ಲ ಪಟ್ಟಿ ವಿಧೇಯವಾಗಿ ಬುಟ್ಟಿಗೆ ಬೀಳುತ್ತಿತ್ತು. ಸಂಜೆ ಅಕ್ಕ ಗೋಣಿ ಸರಿಸಿ ಹೆಬ್ಬಾಗಿಲು ತೆರೆದು ಬಿಸಿಲ ಗಾಳಿ ಒಳಕ್ಕೆ ಬಿಟ್ಟು, ಆಮೇಲೆ ಮುಚ್ಚಿ, ಕ್ಲಿಪ್ಪು ತೆಗೆಯುತ್ತಿದ್ದರು. ಚಟಚಟ ಸದ್ದು. ಪಟ್ಟಿ ತಲೆ ಎತ್ತುತ್ತಿತ್ತು. ಅಕ್ಕ ಅವತ್ತಿನ ಸುದ್ದಿ ಹೇಳುತ್ತಿದ್ದರು: ಬಸ್ಸಿನಲ್ಲಿ ಸಿಕ್ಕಿದವರು, ನೆಂಟರ ಮನೆಯ ಸೊಸೆಯ ಸೊಕ್ಕು, ನನ್ನ ಜಿಪುಣತನ. ನಾನು ಹೊರಗೆ ಕೂತು ಕೇಳುತ್ತಿದ್ದೆ. ಮಾತಿನ ನಡುನಡುವೆ ಅವರು ನಿಲ್ಲಿಸುತ್ತಿದ್ದರು, ಎದುರಿನವರು ಮಾತಾಡಲು ಬಿಡುವಷ್ಟು ಹೊತ್ತು. ಆಮೇಲೆ ನಗುತ್ತಿದ್ದರು.

ಮಳೆಗಾಲ ಬಂತು. ಗಾಳಿಯೇ ಒದ್ದೆಯಾದ ಮೇಲೆ ಕ್ಲಿಪ್ಪು ತೆಗೆದರೂ ಪಟ್ಟಿ ಏಳಲಿಲ್ಲ. ನನಗೆ ಇದು ಮೊದಲೇ ಗೊತ್ತಿತ್ತು, ಹೇಳುವ ಧೈರ್ಯ ಬಂದಿರಲಿಲ್ಲ. ಅಕ್ಕ ಬಿಟ್ಟು ಹೋಗುತ್ತಾರೆ, ಅಥವಾ ಮತ್ತೆ ಊಟ ಬಿಡುತ್ತಾರೆ ಎಂದು ಕಾದೆ. ಅವರು ಮುಖ ಸಪ್ಪಗೆ ಮಾಡಿಕೊಂಡು ಕೆಲವು ಸಂಜೆ ನಿಂತು ನೋಡಿದರು. ಆಮೇಲೆ, "ಮಳೇಲಿ ಬರಲ್ಲ ಬುಡು. ಚಿಕ್ಕೋಳಿದ್ದಾಗಿಂದ ಮಳೆ ಅಂದ್ರೆ ಅವ್ಳಿಗೆ ಕಂಬಳಿ ಬಿಟ್ಟು ಎದ್ದೇಳೋಕೆ ಸೋಮಾರಿತನ," ಎಂದು ಹೇಳಿ, ಸರಿಯಾದ ಹೊತ್ತಿಗೆ ಬಸ್ಸು ಹಿಡಿದು ಹೋಗತೊಡಗಿದರು. ಸಂಜೆ ಆ ತೇವದ ಗೋದಾಮಿನಲ್ಲಿ ಒಬ್ಬಳೇ ಬೀಗ ಹಾಕುವಾಗ ಬಿಚ್ಚುವ ತುದಿಯ ಕಡೆ ನೋಡದೆ ನನ್ನಿಂದ ಇರಲಾಗುತ್ತಿರಲಿಲ್ಲ. ಇದ್ದದ್ದಕ್ಕಿಂತ ಇಲ್ಲದ್ದು ಹೆಚ್ಚು ಹೆದರಿಸುತ್ತದೆ ಎಂದು ನನಗೆ ಆಗ ತಿಳಿಯಿತು.

ಮತ್ತೆ ಚಳಿಯ ಒಣ ಗಾಳಿ ಬೀಸಿದ ಮೇಲೆ ಒಂದು ಸಂಜೆ ಅಕ್ಕ ಕ್ಲಿಪ್ಪು ತೆಗೆದರು. ನಾನು ಬಾಗಿಲಲ್ಲಿದ್ದೆ. ಚಟಚಟ ಎಂದಿತು. ಪಟ್ಟಿ ಎದ್ದಿತು, ಖಾಲಿ ತುದಿಯ ಕಡೆ ತಿರುಗಿತು, ಅಲ್ಲಿ ಸ್ವಲ್ಪ ಹೊತ್ತು ನಡುಗುತ್ತಾ ನಿಂತಿತು. ಆಮೇಲೆ, ಯಾರೋ ಅದರ ತುದಿ ಹಿಡಿದು ಯಂತ್ರದ ಉದ್ದಕ್ಕೂ ನಡೆದು ಬಂದಂತೆ, ಮೆಲ್ಲಗೆ ಹೊರಳಿ ಸುತ್ತುವ ತುದಿಯ ಕಡೆ ಬಂತು. ಅಕ್ಕನ ಕಡೆಗೆ. ಅಕ್ಕ ಅಲುಗಲಿಲ್ಲ. ಪಟ್ಟಿ ಅವರ ಪಕ್ಕಕ್ಕೆ, ಒಬ್ಬರು ನಿಲ್ಲುವಷ್ಟು ಅಂತರದಲ್ಲಿ ಚಾಚಿಕೊಂಡು ಸ್ಥಿರವಾಯಿತು.

ಅವರು ಆ ಪಕ್ಕದ ಕಡೆ ತಲೆ ತಿರುಗಿಸಿ ನೋಡಿದರು. ಏನೋ ಕೇಳಿಸಿಕೊಂಡವರಂತೆ ಹೂಂಗುಟ್ಟಿದರು. ಆಮೇಲೆ ಯಂತ್ರ ನಿಲ್ಲಿಸಿ, ತಾವೇ ಕ್ಲಿಪ್ಪು ಹಾಕಿದರು.

"ಇನ್ನು ಆ ಕಡೆ ಯಾರನ್ನಾದ್ರೂ ನಿಲ್ಸವ್ವ," ಎಂದರು. "ಒಬ್ಳೇ ಎರಡೂ ಕಡೆ ಓಡಾಡಿ ನಂಗೂ ಮಂಡಿ ನೋವು."

"ಷರತ್ತು?"

"ಅವ್ಳು ಆ ಜಾಗ ಬುಟ್ಲು. ನನ್ ಕಡೆ ಬಂದ್ಲು. ಕಾಣ್ಲಿಲ್ವಾ ನಿಂಗೆ?"

ಕಂಡಿತ್ತು.

ಚೇಳೂರಿನ ಕಡೆಯ ಒಬ್ಬ ಹೆಂಗಸನ್ನು ಸೇರಿಸಿಕೊಂಡೆ. ಬಿಚ್ಚುವ ತುದಿಯಲ್ಲಿ ನಿಂತು ಚೆನ್ನಾಗಿ ಕೆಲಸ ಮಾಡುತ್ತಾಳೆ, ಅವಳಿಗೆ ಏನೂ ಕಂಡಿಲ್ಲ. ಅಕ್ಕ ಆಮೇಲೆ ಕ್ಲಿಪ್ಪು ತೆಗೆದದ್ದೇ ಇಲ್ಲ, ತೆಗೆಯುವ ಅಗತ್ಯ ಬೀಳಲಿಲ್ಲ ಅನಿಸುತ್ತದೆ. ಮಾತು ಮಾತ್ರ ನಿಂತಿಲ್ಲ, ಈಗ ದನಿ ಎತ್ತುವುದಿಲ್ಲ, ಪಕ್ಕದವರಿಗೆ ಹೇಳುವಷ್ಟೇ ಮೆಲ್ಲಗೆ. ಊಟಕ್ಕೆ ಕೂತಾಗ ಗೋಡೆಯ ಕಡೆ ಸರಿದು, ಈಚೆ ಒಂದಿಷ್ಟು ಜಾಗ ಬಿಟ್ಟೇ ಕೂರುತ್ತಾರೆ. ನಾನು ಸಾಮಾನು ತೆಗೆದುಕೊಳ್ಳಲು ಅವರ ಪಕ್ಕದಲ್ಲಿ ಹಾದು ಹೋಗುವಾಗ ಕೈಮೇಲಿನ ಕೂದಲು ಏಳುತ್ತದೆ. ಗೋಣಿ ಒದ್ದೆಯಿರುತ್ತದೆ, ತಂತಿ ಹಾಕಿರುತ್ತದೆ, ಯಂತ್ರ ನಿಂತಿರುತ್ತದೆ. ಆದರೂ ಏಳುತ್ತದೆ. ಈಗೀಗ ನಾನು ಆ ಕಡೆ ಹೋಗದೆ ಸುತ್ತು ಹಾಕಿ ಹೋಗುತ್ತೇನೆ.

ಈ ವ್ಯಾಪಾರಕ್ಕೆ ಇಳಿಯುವ ಯೋಚನೆ ನಿಮಗಿದ್ದರೆ ಕೇಳಿ. ಹಳೆಯ ಯಂತ್ರ ಕೊಳ್ಳಲು ಹೋದಾಗ ಯಂತ್ರ ನೋಡುವ ಮೊದಲು ನೆಲ ನೋಡಿ, ಗೋಡೆಗೆ ಏನು ಕಟ್ಟಿದ್ದಾರೆ ನೋಡಿ, ಓಡಿಸುವವರ ಕಾಲು ನೋಡಿ. ಬೆಳಿಗ್ಗೆ ಬಂದು ಮೊದಲು ಏನು ಮಾಡುತ್ತೀರಿ ಎಂದು ಕೇಳಿ, ಅವರು ನಾಚಿಕೊಂಡು ಏನಿಲ್ಲ ಅಂದರೂ ಬಿಡಬೇಡಿ, ಮತ್ತೆ ಕೇಳಿ. ಅದಕ್ಕೆ ಕಾರಣ ಗೊತ್ತಾಗದಿದ್ದರೂ ಮೊದಲ ಒಂದು ವರ್ಷ ಹಾಗೇ ಮಾಡಿ. ಫಿಲ್ಮು ಸೀಳುವ ಜಾಗಕ್ಕೆ ಕೊಬ್ಬರಿ ಗೋದಾಮು, ಹತ್ತಿ ಗೋದಾಮು ಹಿಡಿಯಬೇಡಿ. ತಾಮ್ರದ ಜರಿ ದಾರ ದುಬಾರಿಯಲ್ಲ, ಅದರಲ್ಲಿ ಉಳಿತಾಯ ಮಾಡಲು ಹೋಗಬೇಡಿ, ಧೂಳು ಕೂತರೆ ಬದಲಾಯಿಸಿ. ಗುಂಡಿ ತೋಡಿಸುವ ದಿನ ಕೆಲಸದವರನ್ನು ಮೊದಲೇ ಕರೆದು ನಿಲ್ಲಿಸಿಕೊಂಡು ಉಪ್ಪು ಯಾಕೆ, ಇದ್ದಿಲು ಯಾಕೆ, ತಗಡು ಯಾಕೆ ಎಂದು ಹೇಳಿಬಿಡಿ. ಯಾರಾದರೂ ಒಂದು ಜಾಗ ಖಾಲಿ ಬಿಡಿ ಎಂದರೆ ಅಳೆದು ನೋಡಿ, ದಾರಿಗೆ ಅಡ್ಡವಾಗದಿದ್ದರೆ ಬಿಟ್ಟುಕೊಡಿ, ಯಾಕೆ ಎಂದು ಕೆದಕಬೇಡಿ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ದಿನಾ ಒಂದು ಕೊಡ ನೀರು ಹಾಕಿ. ಒಣಗಿದರೆ ಅದು ಕೆಲಸ ಮಾಡುವುದಿಲ್ಲ.